ನೆಲ ಮುಟ್ಟದ ವಿಮಾನ

ನಮ್ಮ ವಂಶದಲ್ಲಿ ಬಿ.ಎಸ್ಸಿ. ಪಾಸಾದವನು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ಈಗಲೂ ಸಂಕೋಚವಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದರು. ತಾಳಗುಂದದ ಕಡೆ ನೇಗಿಲು ಹಿಡಿದ ಅವರ ಮಗನಾದ ನಾನು, ಮಠದ ಊಟ ಉಂಡು ಓದಿ, ಐವತ್ತರ ದಶಕದ ಕೊನೆಗೆ ಸೊರಬದಲ್ಲಿ ವಿಜ್ಞಾನದ ಮೇಷ್ಟ್ರಾದೆ.

ಊರು ನನ್ನನ್ನು ಗೌರವದಿಂದ ಕಂಡಿತು. ತೊಂದರೆಯಾದದ್ದೇ ಅಲ್ಲಿ. ಹೋಟೆಲಿನ ಬೆಂಚಿನಲ್ಲಿ ಕೂತರೆ ಪಕ್ಕದವರು ಎದ್ದು ಜಾಗ ಬಿಡುತ್ತಿದ್ದರು. ಮಾತು ನಿಂತುಹೋಗುತ್ತಿತ್ತು. ಬಾಡಿಗೆ ಕೋಣೆಯ ಜಗುಲಿಯಲ್ಲಿ ಭಾನುವಾರವಂತೂ ಹೊತ್ತೇ ಹೋಗುತ್ತಿರಲಿಲ್ಲ.

ಅಂಥದೊಂದು ಭಾನುವಾರ ಹಳೆಯ ಪತ್ರಿಕೆಯ ಹಾಳೆಯಲ್ಲಿ ವಿಮಾನ ಮಡಚಿ ಬೀದಿಗೆ ಬಿಟ್ಟೆ. ಎದುರು ಮನೆಯ ಹುಡುಗಿಯೂ ಅವಳ ಇಬ್ಬರು ತಮ್ಮಂದಿರೂ ಓಡಿ ಬಂದರು. ಪ್ರೈಮರಿ ಶಾಲೆಯ ಮಕ್ಕಳು. ನನ್ನ ತರಗತಿಯವರಲ್ಲ, ಹಾಗಾಗಿ ಅವರಿಗೆ ನನ್ನ ಹೆದರಿಕೆ ಇರಲಿಲ್ಲ. ಮುಂದಿನ ಭಾನುವಾರವೂ ಬಂದರು. ಆಮೇಲೆ ವಾರವೆಲ್ಲ ನನಗೆ ಅದೇ ಧ್ಯಾನ.

ನನಗೆ ವಿಮಾನ ದೂರ ಹೋಗಬೇಕಿತ್ತು. ಮೂಗು ಚೂಪು, ರೆಕ್ಕೆ ಸಣ್ಣ. ಬಾಣದ ಹಾಗೆ ಹೋಗಿ ಬಾವಿಕಟ್ಟೆಯ ಹತ್ತಿರ ನೆಲಕ್ಕೆ ಕುಟ್ಟುತ್ತಿತ್ತು. ಮಕ್ಕಳು ಅದನ್ನು ಎತ್ತಿ ಮೊದಲು ಕಣ್ಣಿಗೊತ್ತಿಕೊಳ್ಳುವರು. ಅಕ್ಷರವಿರುವ ಕಾಗದ, ಸರಸ್ವತಿ, ಕಾಲ ಬುಡಕ್ಕೆ ಬಿತ್ತಲ್ಲ ಎಂದು. ಪ್ರತಿ ಸಲವೂ ಹೀಗೇ. ಗಾಳಿಯ ಒತ್ತಡದ ಬಗ್ಗೆ ನಾನು ಹೇಳುತ್ತಿದ್ದುದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಕೊನೆಗೊಮ್ಮೆ ಹುಡುಗಿ ಹೇಳಿದಳು:

"ದೂರ ಹೋಗೂದು ಬ್ಯಾಡ ಸಾರ್. ನೆಲಕ್ಕೆ ಬೀಳದಂಗೆ ಮಾಡ್ಕೊಡಿ. ನಮ್ಮಜ್ಜಿ ನೋಡಿದ್ರೆ ಇಲ್ಲಿಗೆ ಕಳ್ಸೂದಿಲ್ಲ."

ಆ ಕೊನೆಯ ಮಾತಿಗೆ ನಾನು ನಿಜಕ್ಕೂ ಹೆದರಿದೆ. ಅವರೂ ಬರದಿದ್ದರೆ ಮತ್ತಿನ್ಯಾರು? ಆ ವಾರ ಶಾಲೆ ಬಿಟ್ಟ ಮೇಲೆ ಬೇರೆ ಕೆಲಸ ಮಾಡಲಿಲ್ಲ. ರೆಕ್ಕೆ ಅಗಲ ಮಾಡಿದೆ, ಮೂಗು ಮೊಂಡು ಮಾಡಿದೆ, ಹಿಂದಿನ ಅಂಚನ್ನು ತುಸು ಮೇಲಕ್ಕೆ ತಿರುಗಿಸಿದೆ. ಭಾನುವಾರ ಅದು ಕೆರೆಯಲ್ಲಿ ಎಮ್ಮೆ ತೇಲಿದ ಹಾಗೆ ನಿಧಾನವಾಗಿ ಹೋಯಿತು. ಕಿರಿಯವನು ಅದರ ಕೆಳಗೇ ಓಡಿ ಎರಡೂ ಕೈಯಲ್ಲಿ ಹಿಡಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಜ್ಜಿ ನಕ್ಕರು.

"ಇದಕ್ಕೂ ಡಿಗ್ರಿ ಬೇಕೇನ್ರೀ ಮೇಷ್ಟ್ರೇ?"

"ಬೇಕಾಯ್ತು ನೋಡ್ರೀ ಅಮ್ಮ," ಎಂದೆ. ಸೊರಬಕ್ಕೆ ಬಂದ ಮೇಲೆ ನನ್ನನ್ನು ಯಾರಾದರೂ ತಮಾಷೆ ಮಾಡಿದ್ದು ಅದೇ ಮೊದಲು.

ಮಡಚುವುದನ್ನು ಮಕ್ಕಳು ಬೇಗ ಕಲಿತರು. ಕಲಿತ ಮೇಲೆ ಬರುವುದು ನಿಂತಿತು. ಬೀದಿ ಸಾಲದಂತೆ, ಊರಾಚೆ ಬಯಲಿಗೆ ಹೋಗುತ್ತಾರೆ ಎಂದು ಅಜ್ಜಿ ಹೇಳಿದರು. ಕೆಲವು ಭಾನುವಾರ ತಡೆದುಕೊಂಡೆ. ಆಮೇಲೆ ಒಗೆದ ಪಂಚೆ ಉಟ್ಟು ನಾನೂ ಹೊರಟೆ.

ಬಯಲಿನ ತುಂಬ ಮಕ್ಕಳು, ಅವರ ತಲೆಯ ಮೇಲೆ ನನ್ನ ಅಗಲ ರೆಕ್ಕೆಗಳು. ನನ್ನ ತರಗತಿಯ ದೊಡ್ಡ ಹುಡುಗರೂ ಇದ್ದರು. ಅವರಲ್ಲೊಬ್ಬ ನನ್ನನ್ನು ಕಂಡು, "ಏಯ್, ಮೇಷ್ಟ್ರು ಬಂದ್ರು," ಎಂದ. ಎಲ್ಲರೂ ವಿಮಾನಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಸಾಲಾಗಿ ನಿಂತರು. ಎದುರು ಮನೆಯ ಮೂವರೂ ಆ ಸಾಲಿನಲ್ಲಿದ್ದರು. ಆಡಿ, ನಾನೇನೂ ಅನ್ನುವುದಿಲ್ಲ ಎಂದೆ. ಹ್ಞೂಂ ಸಾರ್ ಎಂದರು, ಆಡಲಿಲ್ಲ.

ಮುಂದೆಲ್ಲೋ ಕೆಲಸವಿರುವವನಂತೆ ಚಂದ್ರಗುತ್ತಿ ರಸ್ತೆ ಹಿಡಿದು ನಡೆದೆ. ಬೆನ್ನ ಹಿಂದೆ ಕೂಗಾಟ ಮತ್ತೆ ಶುರುವಾಯಿತು. ತಿರುಗಿ ಬರುವುದಕ್ಕೂ ಬಯಲಿನ ಪಕ್ಕದ ಅದೊಂದೇ ದಾರಿ. ಮೈಲಿಗಲ್ಲಿನ ಮೇಲೆ ಕೂತೆ, ಅವರು ಆಡಿ ಮುಗಿಸಲಿ ಎಂದು.