ಕಡೂರಿನಲ್ಲಿ ನಡೆಯುವ ಅವ್ವ

ಆ ವಿಡಿಯೋ ಬಂದದ್ದು ಶಾಲೆಯಲ್ಲಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಕಡೂರಿನಿಂದ ನನ್ನ ತಂಗಿ ಕಳಿಸಿದ್ದಳು. ತೆರೆದು ನೋಡಿದರೆ ನಮ್ಮವ್ವ ಟ್ರೆಡ್‌ಮಿಲ್ ಮೇಲೆ ನಡೆಯುತ್ತಿದ್ದಾಳೆ! ಬುದ್ಧಿ ಬಂದಾಗಿನಿಂದ ಸೀರೆ ಬಿಟ್ಟು ಬೇರೇನೂ ಉಡದ ಅವ್ವ ತಂಗಿಯ ಹಳೇ ಚೂಡಿದಾರ ತೊಟ್ಟಿದ್ದಾಳೆ, ಕಾಲಿಗೆ ಬಿಳಿ ಶೂ ಹಾಕಿದ್ದಾಳೆ. ಹಿಂದಿನಿಂದ ತಂಗಿಯ ದನಿ ಕೇಳಿಸುತ್ತಿತ್ತು: "ಕಾಲ್ ನೋಡ್ಬೇಡ ಕಣವ್ವ, ಮುಂದೆ ನೋಡು." ಅವ್ವ ಕೂಡಲೇ ಮುಂದೆ ನೋಡಿದಳು. ಎದುರು ಮಾತಿಲ್ಲ, ಗೊಣಗಾಟವಿಲ್ಲ. ಪಕ್ಕದಲ್ಲಿ ಕೂತಿದ್ದ ಟೀಚರು ಬಗ್ಗಿ ನೋಡಿ, "ಎಷ್ಟ್ ಚೆನ್ನಾಗಿ ನಡೀತಾರ್ರೀ ನಿಮ್ ತಾಯಿ" ಎಂದರು. ಹೂಂ ಎಂದು ಫೋನು ಮಗುಚಿಟ್ಟೆ. ನನಗೆ ಹೊಟ್ಟೆ ಉರಿದುಹೋಗಿತ್ತು.

ನಾವಿಬ್ಬರೇ ಹೆಣ್ಣುಮಕ್ಕಳು. ಅಪ್ಪ ಹೋದ ಮೇಲೆ ಅವ್ವ ಅಜ್ಜಂಪುರದಲ್ಲಿ ನನ್ನ ಮನೆಯಲ್ಲೇ ಇದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಶುರುವಾದಾಗಿನಿಂದ ಡಾಕ್ಟರು ದಿನಾ ನಡೆಯಲು ಹೇಳುತ್ತಿದ್ದರು. ಡಾಕ್ಟರು ಒಂದು ಸಲ ಹೇಳಿದ್ದನ್ನು ನಾನು ಹತ್ತು ಸಲ ಹೇಳುತ್ತಿದ್ದೆ. ಅವ್ವನ ಬಳಿ ನೆಪಗಳಿಗೆ ಬರವಿರಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ನಾಯಿ ಕಾಟ, ಸಂತೆಯ ದಿನ ಈರುಳ್ಳಿ ಲಾರಿ ಕಾಟ, ಮಿಕ್ಕ ದಿನ ಮಂಡಿನೋವು. ಬೆಳಿಗ್ಗೆಯಂತೂ ಸ್ನಾನ, ಲಿಂಗಪೂಜೆ ಮುಗಿಯದೆ ಹೊಸ್ತಿಲು ದಾಟುವವಳೇ ಅಲ್ಲ. ಅದೆಲ್ಲ ಮುಗಿಯುವಷ್ಟರಲ್ಲಿ ಬಿಸಿಲು ಬಂದಿರುತ್ತಿತ್ತು, ನನಗೆ ಶಾಲೆಯ ಹೊತ್ತೂ ಆಗಿರುತ್ತಿತ್ತು. ಶ್ರಾವಣದಲ್ಲಿ ದೇವನೂರಿನ ಕಡೆ ನೆಂಟರ ಮದುವೆಗೆ ಹೋದವಳು, ಹಾಗೇ ಕಡೂರಿನಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದಳು. ಆ ನಾಲ್ಕು ದಿನ ಗಣಪತಿ ಹಬ್ಬ ದಾಟಿದರೂ ಮುಗಿಯಲಿಲ್ಲ.

ವಿಡಿಯೋ ಬಂದ ವಾರವೇ ಭಾನುವಾರ ಮೊದಲ ಬಸ್ಸಿಗೆ ಕಡೂರಿಗೆ ಹೋದೆ. ಅವ್ವನನ್ನು ಕರೆತರುವುದೆಂದೇ ಹೋದದ್ದು. ತಂಗಿಯ ಗಂಡನದು ಕೊಬ್ಬರಿ ವ್ಯಾಪಾರ. ಹೊಟ್ಟೆ ಕರಗಿಸಲೆಂದು ಆ ಯಂತ್ರ ತಂದವರು ಅವರೇ. ಅವರು ಅದನ್ನು ಮರೆತ ಮೇಲೆ ತಂಗಿ ಹಿಡಿದುಕೊಂಡಳು. ಬೆನ್ನುನೋವಿಗೆ ಫಿಸಿಯೋಥೆರಪಿಗೆ ಹೋಗುತ್ತಿದ್ದಾಗ ಕಲಿತದ್ದನ್ನೆಲ್ಲ ಅವ್ವನ ಮೇಲೆ ಪ್ರಯೋಗ ಮಾಡುತ್ತಿದ್ದಳು. ಚಿಕ್ಕಂದಿನಲ್ಲಿ ಮಗ್ಗಿ ಹೇಳಿಕೊಟ್ಟರೆ ಆಕಳಿಸುತ್ತಿದ್ದವಳು ಈಗ ಅವ್ವನಿಗೇ ಮೇಷ್ಟ್ರು!

ನಾನು ಹೋದಾಗ ಅವರ ಪಾಠ ಆಗತಾನೇ ಶುರುವಾಗಿತ್ತು. ಮೊದಲು ನಿಂತಲ್ಲೇ ಮೆಲ್ಲಗೆ ಕಾಲೆತ್ತಿ ಕಾಲಿಡುವುದು. ಆಮೇಲೆ ಕುರ್ಚಿಯ ಬೆನ್ನು ಹಿಡಿದು ಒಂದೊಂದೇ ಪಾದವನ್ನು ಕಾಲಿನ ಗಿಣ್ಣಿನಲ್ಲಿ ಸುತ್ತು ತಿರುಗಿಸುವುದು, ಭುಜ ಹಿಂದಕ್ಕೆ ಮುಂದಕ್ಕೆ ಆಡಿಸುವುದು. ಮೈ ಬೆಚ್ಚಗಾಗದೆ ಯಂತ್ರ ಹತ್ತುವಂತಿಲ್ಲವಂತೆ. ಹತ್ತಿದ ಮೇಲೂ ಪಟ್ಟಿಯ ಮೇಲೆ ನೇರ ಕಾಲಿಡುವ ಹಾಗಿಲ್ಲ. ಎರಡು ಅಂಚಿನ ಮೇಲೆ ಕಾಲಗಲಿಸಿ ನಿಂತು, ದಾರದ ತುದಿಯ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಂಡು, ಪಟ್ಟಿ ಬಸವನಹುಳುವಿನಂತೆ ಹೊರಟ ಮೇಲೆ ಅದರ ಮೇಲೆ ಇಳಿಯಬೇಕು. ಆಯ ತಪ್ಪಿದರೆ ದಾರದ ಇನ್ನೊಂದು ತುದಿಯ ಕೀ ಕಿತ್ತು ಬಂದು ಯಂತ್ರ ನಿಲ್ಲುತ್ತದೆ ಎಂದು ತಂಗಿ ನನಗೂ ವಿವರಿಸಿದಳು. ಕೇಳದವಳಂತೆ ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಆದರೆ ಕಣ್ಣು ಮತ್ತೆ ಮತ್ತೆ ಅವ್ವನ ಕಾಲಿನ ಕಡೆಗೇ ಹೋಗುತ್ತಿತ್ತು. ಆ ಶೂಗಳ ಲೇಸನ್ನು ತಂಗಿಯೇ ಕೂತು ಕಟ್ಟಿದ್ದಳು. ಮನೆಯೊಳಗೆ ಶೂ ಹೇಗೆ ಎಂದರೆ, ಅವು ಈ ಯಂತ್ರಕ್ಕೇ ಮೀಸಲು, ಒಮ್ಮೆಯೂ ಬಾಗಿಲು ದಾಟಿಲ್ಲ ಎಂದು ಅವ್ವನೇ ಸಮರ್ಥಿಸಿದಳು.

ಮುಗಿಸುವಾಗಲೂ ಹಾಗೆಯೇ. ವೇಗ ಇಳಿಸುತ್ತಾ ಇಳಿಸುತ್ತಾ ಬಂದು, ಪೂರ್ತಿ ನಿಂತ ಮೇಲೆ ಹಿಡಿಕೆ ಹಿಡಿದು ಇಳಿದಳು. ಗೋಡೆಗೆ ಅಂಗೈ ಕೊಟ್ಟು, ಒಂದು ಕಾಲು ಹಿಂದಕ್ಕೆ ಚಾಚಿ, ಹಿಮ್ಮಡಿ ನೆಲಕ್ಕೆ ಒತ್ತಿ ನಿಂತಳು. "ಜಗ್ಗಾಡ್ಬೇಡ. ಸುಮ್ನೆ ಹಿಡ್ಕೊಂಡು ಉಸಿರು ಬಿಡು" ಎಂದಳು ತಂಗಿ. ಅವ್ವ ಉಸಿರು ಬಿಟ್ಟಳು. ಇಷ್ಟೆಲ್ಲ ಆದ ಮೇಲೆ ಸ್ನಾನ, ಲಿಂಗಪೂಜೆ! ನನಗಾಗಿ ಒಂದು ದಿನವೂ ಹಿಂದೆ ಮುಂದೆ ಆಗದ ಪೂಜೆ ಕಡೂರಿನಲ್ಲಿ ನಡಿಗೆ ಮುಗಿಯುವ ತನಕ ಕಾಯುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ. ತಿಂಡಿಗೆ ಕೂತಾಗ ಕೇಳಿದೆ.

"ಯಾವಾಗ ಬತ್ತೀಯ ಊರಿಗೆ?"

"ನೋಡಣ ಬಿಡೇ. ಇಲ್ಲಿ ಒಂದು ರೂಢಿ ಆಗೈತೆ."

ತಂಗಿ ತಲೆ ತಗ್ಗಿಸಿ ಚಟ್ನಿ ಬಡಿಸಿದಳು. ಅವಳು ನಗುತ್ತಿದ್ದಳೆಂದೇ ನನಗೆ ಅನ್ನಿಸಿತು. ಬೀರೂರು ದಾಟಿದರೂ ಬಸ್ಸಿನಲ್ಲಿ ಅವಳನ್ನು ಮನಸ್ಸಿನಲ್ಲೇ ಬೈಯುತ್ತಾ ಕೂತಿದ್ದೆ. ಅಜ್ಜಂಪುರದಲ್ಲಿ ಇಳಿಯುವ ಹೊತ್ತಿಗೆ ನಿರ್ಧಾರವಾಗಿತ್ತು: ನಮ್ಮ ಮನೆಗೂ ಒಂದು ಟ್ರೆಡ್‌ಮಿಲ್.

ತರೀಕೆರೆಯಲ್ಲಿ ಯಾರೋ ಮನೆ ಖಾಲಿ ಮಾಡುತ್ತಾ ತಮ್ಮದನ್ನು ಮಾರುತ್ತಿದ್ದರು. ಗೂಡ್ಸ್ ಆಟೋದಲ್ಲಿ ಅದು ಬಂದು ಇಳಿದಾಗ ನನ್ನ ಗಂಡ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಟವಲ್ ಒಣಗಾಕಕ್ಕೆ ಭಾಳ ಚೆನ್ನಾಗೈತೆ ಕಣೇ" ಎಂದರು. ಹಬ್ಬಕ್ಕೆ ಬನ್ನಿ ಎಂದು ಕಡೂರಿಗೆ ಫೋನು ಮಾಡಿದೆ. ಹಬ್ಬದ ನೆಪದಲ್ಲಿ ಅವ್ವ ಬರುತ್ತಾಳೆ, ಇಲ್ಲೂ ಯಂತ್ರವಿರುವುದನ್ನು ನೋಡುತ್ತಾಳೆ, ಮತ್ತೆ ಹೋಗುವ ಮಾತೆತ್ತಲು ಕಾರಣವೇ ಇರುವುದಿಲ್ಲ. ಇದು ನನ್ನ ಲೆಕ್ಕಾಚಾರವಾಗಿತ್ತು.

ಆಯುಧಪೂಜೆಯ ದಿನ ಅವ್ವ, ತಂಗಿ, ಅವಳ ಗಂಡ ಮೂವರೂ ಬಂದರು. ನಮ್ಮಲ್ಲಿ ಆ ದಿನ ಮನೆಯಲ್ಲಿರುವ ಯಾವ ಯಂತ್ರವನ್ನೂ ಬಿಡುವುದಿಲ್ಲ. ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ, ಕೊನೆಗೆ ಈಳಿಗೆಮಣೆಗೂ ಪೂಜೆ ಆಗಲೇಬೇಕು. ಹೊಸ ಯಂತ್ರದ ಮುಖ ಪೂರ್ವಕ್ಕಿರಲಿ ಎಂದು ಪೂಜೆಗೆ ಬಂದ ಅಯ್ಯನವರು ಹೇಳಿದರು. ಗಂಡಸರಿಬ್ಬರೂ ಸೇರಿ ಟ್ರೆಡ್‌ಮಿಲ್ಲನ್ನು ತಿರುಗಿಸಿಟ್ಟರು. ಅದರ ಹಿಂಭಾಗ ಗೋಡೆಗೆ ಹತ್ತಿಕೊಂಡಿತು. ಮುಂದಿನ ಪರದೆಗೆ ವಿಭೂತಿಯ ಮೂರು ಪಟ್ಟೆ, ಎರಡೂ ಹಿಡಿಕೆಗಳಿಗೆ ಸೇವಂತಿಗೆ ಹಾರ, ನಡೆಯುವ ಪಟ್ಟಿಯ ಮೇಲೆ ಅರಿಶಿನ ಕುಂಕುಮ. ಮಂಗಳಾರತಿ ಆಯಿತು, ಎಲ್ಲರೂ ಕೈಮುಗಿದೆವು.

"ಅಕ್ಕ, ಹಿಂದೆ ಜಾಗ ಬಿಡ್ಬೇಕು ಕಣೇ" ಎಂದಳು ತಂಗಿ. ಸಲಹೆ ಕೊಡಲು ಅವಳೇ ಆಗಬೇಕಿತ್ತೇ! ಅವ್ವನ ಎದುರಿಗೆ ಅವಳ ಬಾಯಿಂದ ಆ ಮಾತು ಬಂದದ್ದೇ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

"ನಂಗೂ ಗೊತ್ತೈತೆ ಬಿಡೇ" ಎಂದು ಸೀರೆಯ ನೆರಿಗೆ ಎತ್ತಿಕೊಂಡು ಹತ್ತೇಬಿಟ್ಟೆ. ಹಬ್ಬದ ರೇಷ್ಮೆ ಸೀರೆ. ಪೂಜೆ ಮಾಡಿದ ವಸ್ತುವನ್ನು ಚಪ್ಪಲಿ ಕಾಲಿನಲ್ಲಿ ತುಳಿಯುವುದುಂಟೇ? ಪಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಬರಿಗಾಲಿನಲ್ಲೇ ನಿಂತೆ. ಕ್ಲಿಪ್ಪು ನೆನಪಾಯಿತು, ಅದನ್ನು ಸೆರಗಿಗೆ ಸಿಕ್ಕಿಸಿದೆ. ಮೈ ಬೆಚ್ಚಗೆ ಮಾಡುವ ಮಾತೇ ಇಲ್ಲ, ಮೈ ಆಗಲೇ ಕುದಿಯುತ್ತಿತ್ತು. ಮೆಲ್ಲಗೆ ಹೊರಟದ್ದನ್ನು ಒತ್ತಿ ಒತ್ತಿ ಜೋರು ಮಾಡಿದೆ. "ಸಾಕು ನಿಲ್ಸೇ" ಎಂದಳು ಅವ್ವ. ನನ್ನ ನಡಿಗೆ ನೋಡುತ್ತಿದ್ದಾಳೆಯೋ ಎಂದು ಅವಳ ಕಡೆ ತಿರುಗಿದೆ. ಕುಂಕುಮದ ಪುಡಿಯ ಮೇಲೆ ಪಾದ ಜಾರಿತು.

ಸೆರಗು ಭುಜದಿಂದ ಇಳಿದು ದಾರದ ಜೊತೆಗೇ ಉದ್ದವಾಗುತ್ತಾ ಹೋಯಿತು. ಕೀ ಇದ್ದಲ್ಲೇ ಇತ್ತು. ಮಂಡಿಯೂರಿ ಬಿದ್ದ ನನ್ನನ್ನು ಪಟ್ಟಿ ಹಿಂದಕ್ಕೆ ಎಳೆದು ಗೋಡೆಗೆ ಒತ್ತಿ ಹಿಡಿಯಿತು, ಕೆಳಗೆ ತಾನು ತಿರುಗುತ್ತಲೇ ಇತ್ತು. ತಂಗಿ ಓಡಿಬಂದು ಕೀ ಕಿತ್ತಳು. ಮಂಡಿ ಎರಡೂ ತರಚಿ, ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಮೂಳೆ ಮುರಿದಿಲ್ಲ, ಉಳುಕಿದೆ ಎಂದರು ತರೀಕೆರೆಯ ಡಾಕ್ಟರು. ನೋವಿಗಿಂತ ನನಗೆ ತಂಗಿಯೇ ನನ್ನನ್ನು ಉಳಿಸಿದಳಲ್ಲ ಎನ್ನುವುದೇ ಹೆಚ್ಚು ಉರಿಯಿತು. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಅವ್ವ ನನ್ನ ತಲೆ ಸವರಿ, "ನಾನು ಇಲ್ಲೇ ಇರ್ತೀನಿ. ಇವಳ ಕೈ ಸರಿ ಹೋಗ್ಲಿ" ಎಂದಳು. ತಂಗಿಯ ಮುಖ ಸಣ್ಣಗಾಯಿತು. ಸುಳ್ಳೇಕೆ ಹೇಳಲಿ, ಬಿದ್ದದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ಆಮೇಲಿನ ದಿನಗಳು ಸುಖವಾಗಿದ್ದವು. ಅವ್ವ ನನಗೆ ಜಡೆ ಹಾಕಿದಳು, ತಟ್ಟೆಯಲ್ಲಿ ರೊಟ್ಟಿ ಮುರಿದು ಕೊಟ್ಟಳು. ಯಂತ್ರವನ್ನು ಹಾಲಿನ ನಡುವಿಗೆ ಎಳೆಸಿ ಹಿಂದೆ ಜಾಗ ಬಿಡಿಸಿದೆ, ಪಟ್ಟಿ ಒರೆಸಿದೆ, ಅವಳಿಗೆಂದು ಹೊಸ ಶೂ ತರಿಸಿದೆ. ಮೊದಲ ಎರಡು ದಿನ ನಡೆದಳು. ಮೂರನೆಯ ದಿನ ಪೂಜೆ ಆಗಲಿ ಎಂದಳು, ಪೂಜೆ ಆದ ಮೇಲೆ ತಿಂಡಿ ಆಗಲಿ ಎಂದಳು. ತಿಂಡಿ ಆದ ಮೇಲೆ ಮಂಡಿನೋವು ಬಂತು. ನಾನು ಬೇಡಿದೆ, ಗದರಿದೆ, ತಂಗಿ ಹೇಳುವ ಮಾತುಗಳನ್ನೇ ಹೇಳಿ ನೋಡಿದೆ. "ನಿಂಗೆ ಶಾಲೆಲಿ ಮಕ್ಳು ಸಾಲ್ದೇನೇ?" ಎಂದು ಟೀವಿಯ ಸದ್ದು ಹೆಚ್ಚಿಸಿದಳು. ಹಿಡಿಕೆಗಳ ಮೇಲೆ ಟವಲು ಒಣಗತೊಡಗಿತು. ನನ್ನ ಗಂಡ ಬಾಯಿ ಬಿಡಲಿಲ್ಲ, ಅದೊಂದು ಪುಣ್ಯ.

ಅವರೆಕಾಯಿ ಬರುವ ಹೊತ್ತಿಗೆ ನನ್ನ ಕೈ ಪೂರ್ತಿ ಸರಿಹೋಗಿತ್ತು, ಅವ್ವನ ಸಕ್ಕರೆ ಏರಿತ್ತು. ರಕ್ತ ಪರೀಕ್ಷೆ ನೋಡಿದ ಡಾಕ್ಟರು ನನ್ನ ಕಡೆ ತಿರುಗಿ, "ನಡುವೆ ಇಳಿದಿತ್ತಲ್ಲಮ್ಮ, ಈಗೇನಾಯ್ತು?" ಎಂದು ಕೇಳಿದರು. ನಡುವೆ ಎಂದರೆ ಕಡೂರಿನಲ್ಲಿದ್ದಾಗ.

ಮನೆಗೆ ಬಂದು ಇಬ್ಬರೂ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಾ ಕೂತೆವು. ನನಗೆ ತಡೆಯಲಾಗಲಿಲ್ಲ. ಮಕ್ಕಳ ಮದುವೆಗೆ ಗಂಡು ಹುಡುಕುವ ವಯಸ್ಸಿನಲ್ಲಿ ಕೇಳುವ ಪ್ರಶ್ನೆಯಲ್ಲ, ಆದರೂ ಕೇಳಿಬಿಟ್ಟೆ.

"ನಿಂಗೆ ನಾನು ಹೆಚ್ಚೋ, ಅವಳು ಹೆಚ್ಚೋ? ಅವಳು ಹೇಳಿದ್ರೆ ಒಂದೇ ಮಾತಿಗೆ ಎದ್ದು ನಡೀತೀಯ. ನಾನು ಹೇಳಿದ್ರೆ ಕಿವಿಗೇ ಹಾಕ್ಕಳಲ್ಲ."

ಅವ್ವ ಒಂದು ಕಾಯಿ ಬಿಡಿಸಿ ಹುಳು ನೋಡಿ ಎಸೆದಳು.

"ಅಲ್ಲಿ ನಾನು ನೆಂಟಳು ಕಣೇ. ಅಳಿಯಂದ್ರ ಮನೆ. ಏಳು ಅಂದಾಗ ಏಳ್ಬೇಕು, ನಡಿ ಅಂದಾಗ ನಡೀಬೇಕು, ಚೂಡಿದಾರ ಹಾಕ್ಕೊ ಅಂದ್ರೆ ಹಾಕ್ಕಬೇಕು. ಒಲ್ಲೆ ಅನ್ನಕ್ಕೆ ಬಾಯಿ ಬರಲ್ಲ. ಇಲ್ಲಾದ್ರೆ ನನ್ನ ಮನೆ. ಕಾಲು ಚಾಚ್ಕೊಂಡು ಕೂತ್ಕಂತೀನಿ, ನಿನ್ನ ಬೈತೀನಿ."

ಇದೂ ಅಳಿಯನ ಮನೆಯೇ ಎನ್ನುವುದು ಅವಳಿಗೆ ಹೊಳೆದಂತೆ ಕಾಣಲಿಲ್ಲ. ಇಷ್ಟು ದಿನ ಹೊಟ್ಟೆಕಿಚ್ಚು ಪಟ್ಟದ್ದು ಯಾವುದಕ್ಕೆ? ತಂಗಿಗೆ ಸಿಕ್ಕಿದ್ದು ಬರೀ ಮರ್ಯಾದೆ, ಅವ್ವ ಸಿಕ್ಕಿದ್ದು ನನಗೆ.

"ಹಂಗಾದ್ರೆ ಇಲ್ಲೇ ಇರು" ಎಂದೆ.

"ಇಲ್ಲಿದ್ರೆ ನಾನು ನಡಿಯಲ್ಲ. ಅದು ನಂಗೂ ಗೊತ್ತು, ನಿಂಗೂ ಗೊತ್ತು. ಇನ್ನೊಂದಷ್ಟು ದಿನ ಬದುಕಿರಣ ಅಂತೈತೆ ಕಣೇ ನಂಗೆ. ಕಡೂರಿಗೆ ಕಳಿಸು."

ಮಾರನೆಯ ಭಾನುವಾರ ನಾನೇ ಬಸ್ಸು ಹತ್ತಿಸಿದೆ. ತಂಗಿಗೆ ಫೋನು ಮಾಡಿ, "ಒಂದು ದಿನಾನೂ ಬಿಡ್ಬೇಡ, ನಡೆಸು" ಎಂದೆ. "ನಿಂಗೆ ಬೇಜಾರಿಲ್ಲ ತಾನೇ ಅಕ್ಕ?" ಎಂದಳು. ಇದೆ ಎಂದೆ. ಆಮೇಲೆ ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅವಳಿಗೆ ಫೋನು ಮಾಡುವುದು ಅಭ್ಯಾಸವಾಯಿತು. "ನಡೆದಳಾ?" "ಹೂಂ ಅಕ್ಕ, ಹೇಳ್ದಂಗೆ ಕೇಳ್ತಾಳೆ." ಆ ಒಂದು ಮಾತಿನಲ್ಲಿ ಎರಡು ಸಮಾಧಾನ ಸಿಗುತ್ತಿತ್ತು. ಅವ್ವ ಚೆನ್ನಾಗಿದ್ದಾಳೆ, ಇನ್ನೂ ಅಲ್ಲಿ ನೆಂಟಳಾಗಿಯೇ ಇದ್ದಾಳೆ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ತಂಗಿ ನಗುತ್ತಾ ಫೋನು ಎತ್ತಿದಳು.

"ಇವತ್ತು ಒಲ್ಲೆ ಅಂತ ಕೂತ್ಬಿಟ್ಟವಳೆ ಅಕ್ಕ. ಪೂಜೆ ಆಗ್ಲಿ ಅಂತಾಳೆ."

"ಹುಷಾರಿಲ್ವೇನೋ ನೋಡೇ."

"ಚೆನ್ನಾಗೇ ಅವಳೆ. ಸೋಫಾ ಮೇಲೆ ಕಾಲು ಚಾಚ್ಕೊಂಡು ಟೀವಿ ಹಾಕ್ಕೊಂಡವಳೆ. ಜಾಸ್ತಿ ಹೇಳಿದ್ದಕ್ಕೆ ನನ್ನೇ ಬೈದ್ಲು."

ಫೋನು ಇಟ್ಟೆ. ಆ ದಿನ ಶಾಲೆಗೆ ರಜೆ ಹಾಕಿದೆ.