ಮದುಮಗಳ ಕೋಣೆಯ ಪಿಎಚ್‌ಡಿ

ಊರಿನವರೆಲ್ಲ ಪಂಚಾಂಗದಲ್ಲಿ ಒಳ್ಳೆಯ ದಿನ ಹುಡುಕುವಾಗ ನಾನು ಕೆಟ್ಟ ದಿನಗಳನ್ನು ಹುಡುಕುತ್ತಿದ್ದೆ. ಆಷಾಢ ಯಾವತ್ತು ಶುರು, ಧನುರ್ಮಾಸ ಯಾವತ್ತಿನವರೆಗೆ, ನಡುವೆ ಮುಹೂರ್ತವಿಲ್ಲದ ವಾರ ಯಾವುದಾದರೂ ಇದೆಯೇ ಅಂತ. ಕಾರಣ ಇಷ್ಟೇ: ನನ್ನ ಸೋದರಮಾವ ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದು ಕಲ್ಯಾಣ ಮಂಟಪ ನೋಡಿಕೊಳ್ಳುತ್ತಾರೆ. ಮದುವೆಯಿಲ್ಲದ ತಿಂಗಳಲ್ಲಿ ಅದು ಬಿಕೋ ಅನ್ನುತ್ತದೆ. ಅಲ್ಲಿನ ಮದುಮಗಳ ಕೋಣೆಯಲ್ಲಿ ಕೂತು ನಾನು ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದೆ.

ಮನೆಯಲ್ಲಿ ಬರೆಯಬಾರದೆ ಅನ್ನಬಹುದು. ದೇವನಹಳ್ಳಿ ಕೋಟೆಯೊಳಗಿನ ನಮ್ಮ ಪುಟ್ಟ ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, ಜೊತೆಗೆ ಒಂದು ಟಿ.ವಿ. ಇದ್ದಾರೆ. ಟಿ.ವಿ.ಯನ್ನೂ ಮನುಷ್ಯರ ಜೊತೆ ಎಣಿಸಿದ್ದು ಕೈತಪ್ಪಿನಿಂದಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಆಫೀಸಿಗೆ ಹೋಗುವವರು ಕೆಲಸದಲ್ಲಿರುತ್ತಾರೆ. ಮನೆಯಲ್ಲಿ ಕೂತು ಓದುವವಳು ನಮ್ಮ ಬೀದಿಯ ಲೆಕ್ಕದಲ್ಲಿ ಸುಮ್ಮನೆ ಕೂತವಳು. ಸಿಲಿಂಡರ್ ಬಂದರೆ ಬಾಗಿಲು ತೆಗೆಯುವವಳು, ಪಕ್ಕದ ಮನೆಯವರ ಆಧಾರ್ ತಿದ್ದುಪಡಿ ಮಾಡಿಕೊಡುವವಳು, ಒಗ್ಗರಣೆ ಕಾದಾಗ ಕರಿಬೇವು ತರಲು ಓಡುವವಳು. ನನಗೂ ಅದರಿಂದ ಒಳಗೊಳಗೇ ಅನುಕೂಲವಿತ್ತು ಅನ್ನಿ. ಬರೆಯದಿದ್ದ ದಿನ ತಪ್ಪನ್ನು ಕರಿಬೇವಿನ ಮೇಲೆ ಹಾಕಬಹುದಿತ್ತು.

ಮದುಮಗಳ ಕೋಣೆಯಲ್ಲಿ ಪ್ಲಗ್ ಇದ್ದದ್ದು ಒಂದೇ, ಅದೂ ದೊಡ್ಡ ಕನ್ನಡಿಯ ಪಕ್ಕ. ಹಾಗಾಗಿ ಲ್ಯಾಪ್‌ಟಾಪ್ ಇಟ್ಟು ಕೂತರೆ ಎದುರಿಗೆ ನನ್ನದೇ ಮುಖ. ಕನ್ನಡಿಯ ಅಂಚಿನಲ್ಲಿ ಯಾವ ಯಾವುದೋ ಮದುಮಕ್ಕಳು ಅಂಟಿಸಿ ಮರೆತ ಬೊಟ್ಟುಗಳು. ಸಂಶೋಧಕರಿಗೆ ತಮ್ಮ ಮುಖವನ್ನು ತಾವೇ ಅಷ್ಟು ಹೊತ್ತು ನೋಡುವುದು ಒಳ್ಳೆಯದಲ್ಲ. ಒಂದು ವಾಕ್ಯ ಹೊಳೆಯದೆ ತಲೆಯೆತ್ತಿದರೆ, ಆ ವಾಕ್ಯ ಹೊಳೆಯದವಳು ಹೇಗಿರುತ್ತಾಳೆ ಅಂತ ತಕ್ಷಣ ಗೊತ್ತಾಗಿಬಿಡುತ್ತದೆ.

ನನ್ನ ವಿಷಯ ನಮ್ಮ ಸೀಮೆಯ ವೀರಗಲ್ಲುಗಳು. ದನ ಕಾಯಲು, ಊರು ಕಾಯಲು ಹೋಗಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು. ಕೆರೆಯ ಏರಿ ಮೇಲೆ, ಬೇವಿನ ಮರದ ಬುಡದಲ್ಲಿ, ಈಗೀಗ ಲೇಔಟುಗಳ ಕಾಂಪೌಂಡ್ ಪಕ್ಕದಲ್ಲೂ ಸಿಗುತ್ತವೆ. ಸಾಮಾನ್ಯವಾಗಿ ಕಲ್ಲಿನ ಕೆಳಗಿನ ಅಂಕಣದಲ್ಲಿ ವೀರ ಹೋರಾಡುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕೂತಿರುತ್ತಾನೆ. ಪಿಎಚ್‌ಡಿ ಮಾಡುವವರ ಕಲ್ಲಾದರೆ ಕೆಳಗಿನ ಅಂಕಣ ಮಾತ್ರ ಸಾಕು. ನಾನು ಕಲ್ಲು ನೋಡಿ, ಅಳೆದು, ಶಾಸನ ಓದಿ, ಅಧ್ಯಾಯಗಳನ್ನೆಲ್ಲ ಬರೆದಿದ್ದೆ. ಸಮಾರೋಪ ಮಾತ್ರ ಬರುತ್ತಿರಲಿಲ್ಲ. ಇಷ್ಟೆಲ್ಲ ನೋಡಿ ಕೊನೆಗೆ ನಿನಗೆ ಕಂಡದ್ದೇನು ಅಂತ ನನ್ನ ಗೈಡ್ ಕೇಳಿದಾಗಲೆಲ್ಲ, ಇನ್ನೊಂದು ಊರಿನ ಕಲ್ಲು ನೋಡುವುದು ಬಾಕಿಯಿದೆ ಸಾರ್ ಅನ್ನುತ್ತಿದ್ದೆ. ನಮ್ಮ ಜಿಲ್ಲೆಯಲ್ಲಿ ಊರುಗಳಿಗೇನು ಬರ.

ಹೋದ ವರ್ಷ ಮಾಘದ ಮೊದಲ ಮದುವೆ ಬಂದದ್ದು ಒಂದು ಸೋಮವಾರ. ಹಿಂದಿನ ದಿನ ಸಂಜೆ ಆರತಕ್ಷತೆ. ಆ ಭಾನುವಾರ ಮಧ್ಯಾಹ್ನ ನಾನು ಪುಸ್ತಕ ಕಟ್ಟಿಕೊಂಡು ಜಾಗ ಖಾಲಿ ಮಾಡುತ್ತಿದ್ದಾಗಲೇ ಮದುಮಗಳು ಒಳಗೆ ಬಂದಳು. ಹೆಸರು ಚೈತ್ರ, ದೊಡ್ಡಬಳ್ಳಾಪುರದ ಕಡೆಯವಳು. ಮೊಣಕೈವರೆಗೆ ಹಸಿ ಮೆಹಂದಿ. ಎರಡೂ ಕೈ ಮುಂದೆ ಚಾಚಿಕೊಂಡು, ಬಾಯಿಗೆ ಬಂದ ಕೂದಲನ್ನು ಊದಿ ಸರಿಸುತ್ತಾ, ನನ್ನ ಲ್ಯಾಪ್‌ಟಾಪ್ ಕಡೆ ನೋಡಿ ಕೇಳಿದಳು. “ಅಕ್ಕ, ನಿಮಗೆ ಟೈಪ್ ಮಾಡೋಕೆ ಬರುತ್ತಾ?”

ವಿಷಯ ಏನೆಂದರೆ, ಅವಳು ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿದ್ದಳು. ಹಿಪ್ಪುನೇರಳೆ ಎಲೆಗೆ ಬರುವ ಬೂದಿ ರೋಗದ ಮೇಲೆ ಪ್ರಾಜೆಕ್ಟು. ಸಮಾರೋಪ ಸರಿಯಿಲ್ಲ, ತಿದ್ದಿ ಸಂಜೆಯೊಳಗೆ ಕಳಿಸು ಅಂತ ಅವಳ ಮೇಡಂ ಬೆಳಿಗ್ಗೆ ಮೇಲ್ ಕಳಿಸಿದ್ದರು. ಕಳಿಸದಿದ್ದರೆ ಈ ಸಲದ ವೈವಾ ಕೈಬಿಟ್ಟು ಹೋಗುತ್ತದೆ, ಮುಂದಿನ ವರ್ಷಕ್ಕೆ ಕಾಯಬೇಕು. ಮದುವೆಯಾದ ಮೇಲಿನ ಮುಂದಿನ ವರ್ಷ ಅನ್ನುವುದು ಬರುತ್ತದೋ ಇಲ್ಲವೋ, ಅವಳಿಗೆ ನಂಬಿಕೆಯಿರಲಿಲ್ಲ.

ನಾನು ಕನ್ನಡಿ ಮುಂದೆ ಕೂತೆ. ಅವಳು ಹಿಂದೆ ನಿಂತು ಹೇಳುತ್ತಾ ಹೋದಳು. ಏನು ನೋಡಿದೆ, ಏನು ಗೊತ್ತಾಯಿತು, ಏನು ಗೊತ್ತಾಗಲಿಲ್ಲ. ಗೊತ್ತಾಗದ್ದನ್ನು ಅವಳು ಗೊತ್ತಾಗಲಿಲ್ಲ ಅಂತಲೇ ಬರೆಸಿದಳು. ನಾನಾಗಿದ್ದರೆ ಅದನ್ನು ಮುಚ್ಚಲು ಎರಡು ಪುಟ ಖರ್ಚು ಮಾಡುತ್ತಿದ್ದೆ. ಮೆಹಂದಿ ಒಣಗುವ ಮುಂಚೆ ಸಮಾರೋಪ ಮುಗಿದು, ಕಳಿಸಿಯೂ ಆಯಿತು.

ಆಮೇಲೆ ಅವಳು ಸೋಫಾದ ಮೇಲೆ ಕುಸಿದು ಕೂತು ಉಳಿದದ್ದನ್ನು ಹೇಳಿದಳು. ವೈವಾ ಇದ್ದದ್ದು ಬುಧವಾರ, ಬೆಂಗಳೂರಿನಲ್ಲಿ. ಬೀಗರೂಟ ಇದ್ದದ್ದೂ ಬುಧವಾರವೇ, ಸೋಂಪುರದ ಹತ್ತಿರ ಗಂಡಿನ ಊರಲ್ಲಿ. ಮದುವೆಯ ಮಾರನೆಯ ದಿನ ಬಿಟ್ಟು ಮಾಡುವ ಆ ಬಾಡೂಟಕ್ಕೆ ಎರಡೂ ಕಡೆಯ ನೆಂಟರು ಬರುತ್ತಾರೆ, ಮದುಮಗಳು ಕಣ್ಣೆದುರಿಗೆ ಇರಲೇಬೇಕು. ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಹೂವು ಹಿಡಿದು ಒಳಗೆ ಬಂದ ಅವಳ ಅಮ್ಮನ ಕಿವಿಗೆ ಕೊನೆಯ ಮಾತು ಬಿತ್ತು. ಆಕೆ ಕೂಗಾಡಲಿಲ್ಲ. ಹೂವನ್ನು ಮೇಜಿನ ಮೇಲಿಟ್ಟು, ಇದನ್ನು ಇವತ್ತು ಬಾಯಿಬಿಟ್ಟರೆ ನಾಳೆ ನಾನು ಬೀಗರ ಮುಖ ನೋಡುವ ಹಾಗಿಲ್ಲ ಅಂತ ಹೇಳಿ, ಕಣ್ಣೊರೆಸಿಕೊಂಡು ಹೊರಗೆ ಹೋದರು.

ಚೈತ್ರ ನನ್ನ ಕೈಯಲ್ಲೇ ಗಂಡಿಗೆ ಫೋನ್ ಮಾಡಿಸಿದಳು. ಅವನು ಮಂಜು, ಸೋಂಪುರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರು. ಆಗಷ್ಟೇ ಛತ್ರಕ್ಕೆ ಬಂದಿದ್ದ. ಮುಖಕ್ಕೆ ಅರ್ಧ ಪೌಡರ್ ಹಾಕಿಸಿಕೊಂಡೇ ಬಂದು ಬಾಗಿಲಲ್ಲಿ ನಿಂತ. ಎಲ್ಲ ಕೇಳಿಸಿಕೊಂಡ. ಹೋಗಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಸಿನಿಮಾದ ಹಾಗೆ ಅವನೇ ಮುಂದೆ ನಿಂತು ಎಲ್ಲ ಸರಿಮಾಡುತ್ತಾನೆ ಅಂತ ನಾನು ಕಾಯುತ್ತಿದ್ದೆ.

“ನಮ್ಮಮ್ಮಂಗೆ ನೀನೇ ಹೇಳು,” ಅಂದ. “ನಾನು ಹೇಳಿದ್ರೆ ತಾಳಿ ಕಟ್ಟೋಕೆ ಮುಂಚೆನೇ ಹೆಂಡ್ತಿ ಮಾತು ಕೇಳ್ತಾನೆ ಅಂತಾರೆ. ನೀನು ಹೇಳಿದ್ರೆ ಓದಿರೋ ಹುಡುಗಿ ಅಂತ ಸ್ವಲ್ಪ ಭಯ ಇರುತ್ತೆ. ನಾನು ಪಕ್ಕದಲ್ಲಿ ನಿಂತಿರ್ತೀನಿ.”

ಅದೂ ಒಂದು ಬಗೆಯ ಧೈರ್ಯವೇ ಅಂತ ಆಮೇಲೆ ನನಗೆ ಅನ್ನಿಸಿತು. ಆಗ ಮಾತ್ರ ಸಿಟ್ಟು ಬಂದಿತ್ತು.

ಅತ್ತೆ ಗೌರಮ್ಮನವರನ್ನು ಅವನೇ ಕರೆದುಕೊಂಡು ಬಂದ. ದಪ್ಪ ಮೂಗುತಿ, ರೇಷ್ಮೆ ಸೀರೆ. ಅಡುಗೆ ಭಟ್ಟರ ಹತ್ತಿರ ಪಾಯಸದ ವಿಚಾರಕ್ಕೆ ಜಗಳವಾಡಿ ಬಂದ ಬಿಸಿ ಇನ್ನೂ ಮುಖದಲ್ಲಿತ್ತು. ಚೈತ್ರ ಎದ್ದು ನಿಂತು, ಸಮಾರೋಪ ಹೇಳಿದ ಹಾಗೇ ನೇರವಾಗಿ ಹೇಳಿದಳು. ನಾನು ಪುಸ್ತಕದ ಗಂಟನ್ನು ಮೂರನೆಯ ಸಲ ಬಿಚ್ಚಿ ಕಟ್ಟುತ್ತಿದ್ದೆ. ಮಂಜು ಕೊಟ್ಟ ಮಾತಿಗೆ ತಪ್ಪದೆ ಪಕ್ಕದಲ್ಲಿ ನಿಂತಿದ್ದ, ಬಾಗಿಲಿನ ಚಿಲಕ ನೋಡುತ್ತಾ.

ಗೌರಮ್ಮ ಅವಳ ಕೊರಳನ್ನೇ ನೋಡಿದರು. ಆಮೇಲೆ ಕೇಳಿದರು. “ಅರಿಶಿನದ ದಾರ ಹಾಕ್ಕೊಂಡು ಹೋದ್ರೆ ಅವರೇನೂ ಅನ್ನಲ್ವಾ?”

ಏನೂ ಅನ್ನಲ್ಲ ಅತ್ತೆ ಅಂದಳು ಚೈತ್ರ.

“ಹಂಗಾದ್ರೆ ಸರಿ. ಆದ್ರೆ ಹೊಸ ಮದುಮಗಳನ್ನ ಒಬ್ಬಳನ್ನೇ ಕಳಿಸೋಕಾಗಲ್ಲ. ನಾನೂ ಬರ್ತೀನಿ.”

ಬೀಗರೂಟಕ್ಕೆ ನನ್ನನ್ನೂ ಕರೆದಿದ್ದರು. ನಾನು ಹೋದಾಗ ಶಾಮಿಯಾನದ ತುಂಬ ನೆಂಟರು, ಮನೆಯಲ್ಲಿ ಮಾತ್ರ ಮದುಮಗಳೂ ಇಲ್ಲ, ಮನೆಯೊಡತಿಯೂ ಇಲ್ಲ. ಉಸ್ತುವಾರಿ ಗಂಡಸರದ್ದು. ಸಾರಿಗೆ ಇಬ್ಬರು ಬೇರೆ ಬೇರೆಯಾಗಿ ಉಪ್ಪು ಹಾಕಿದ್ದರು. ಚೈತ್ರಳ ದೊಡ್ಡಪ್ಪ ಇದು ಬೀಗರೂಟವೋ ಕಾಲೇಜೋ ಅಂತ ಗೊಣಗಿ, ಊಟ ಮಾಡದೆ ಹೊರಟೇ ಹೋದರು. ಅವಳ ಅಮ್ಮ ಯಾರ ಜೊತೆಗೂ ಮಾತಾಡದೆ ಎಲೆ ಒರೆಸುತ್ತಿದ್ದರು. ಮಂಜು ನಗುನಗುತ್ತಾ ಬಡಿಸುತ್ತಿದ್ದ, ಬೆವರು ಮಾತ್ರ ಧಾರಾಕಾರ.

ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಬಂದಿಳಿದರು. ಚೈತ್ರ ಪಾಸು. ಅವಳ ಅಮ್ಮ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಬೈದರೋ ಅತ್ತರೋ ಗೊತ್ತಿಲ್ಲ, ಹೊರಗೆ ಬಂದಾಗ ಇಬ್ಬರ ಮೂಗೂ ಕೆಂಪಗಿತ್ತು.

ಗೌರಮ್ಮ ನನ್ನ ಪಕ್ಕ ಕೂತು ಉಂಡರು. ಉಪ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ವೈವಾ ಅಂದರೆ ಏನೋ ಅಂದುಕೊಂಡಿದ್ದೆ, ಇವಳು ಹೇಳಿದಳು, ಅವರು ತಲೆ ಆಡಿಸಿದರು, ಅಷ್ಟೇ ಅಂದರು. ಆಮೇಲೆ, ನೀನೂ ಏನೋ ಬರೀತೀಯಂತಲ್ಲ, ಏನದು ಅಂದರು. ಅವರಿಗೆ ಹೇಳಬೇಕಾದ್ದರಿಂದ ನನ್ನ ದೊಡ್ಡ ಶಬ್ದಗಳು ಯಾವುವೂ ಕೆಲಸಕ್ಕೆ ಬರಲಿಲ್ಲ. ಸತ್ತವರ ಕಲ್ಲುಗಳ ಬಗ್ಗೆ ಬರೆಯುತ್ತಿದ್ದೇನೆ ಅಂದೆ. ಆದರೆ ಕಲ್ಲು ಕಡೆಸಿ ನಿಲ್ಲಿಸಿದವರು ಬದುಕಿ ಉಳಿದವರು, ಹೆಂಡತಿಯೋ ತಮ್ಮನೋ ಮಗನೋ. ಸತ್ತವನನ್ನು ನೆಪ ಮಾಡಿಕೊಂಡು ಅವರು ತಮ್ಮ ಹೆಸರನ್ನೂ ಕೆತ್ತಿಸಿದ್ದಾರೆ, ಈ ಊರಲ್ಲಿ ನಾವಿನ್ನೂ ಇದ್ದೇವೆ ಅಂತ ಹೇಳಿದ್ದಾರೆ ಅಂತ ಬಾಯಿಗೆ ಬಂದದ್ದನ್ನು ಹೇಳಿದೆ. ಹೇಳಿ ಮುಗಿಸಿದ ಮೇಲೆ ತುತ್ತು ಕೈಯಲ್ಲೇ ಉಳಿಯಿತು. ವರ್ಷಗಟ್ಟಲೆ ಗೈಡ್ ಕೇಳುತ್ತಿದ್ದದ್ದು ಇದನ್ನೇ.

“ಹೂಂ, ಇನ್ನೇನು ಮತ್ತೆ?” ಅಂದರು ಗೌರಮ್ಮ. “ಮಾಂಸ ಹಾಕಿಸ್ಕೋ.”

ಆ ವಾರವೇ ಬರೆದೆ. ಮನೆಯಲ್ಲೇ, ಟಿ.ವಿ. ಓಡುತ್ತಿದ್ದಾಗಲೇ, ನಡುವೆ ಎರಡು ಸಲ ಅಂಗಡಿಗೂ ಹೋಗಿ ಬಂದೆ. ಗೈಡಿಗೆ ಫೋನ್ ಮಾಡಿ, ಮುಗಿಸಿದ್ದೇನೆ ಸಾರ್ ಅಂದೆ. ಅವರು ಬಹಳ ಮೆತ್ತಗೆ ಕೇಳಿದರು. “ಯಾಕಮ್ಮ, ಮನೇಲಿ ಎಲ್ಲಾ ಆರಾಮಾ?”

ಆರಾಮ ಸಾರ್ ಅಂದೆ. ಬರೆಯದಿದ್ದಾಗ ಯಾವತ್ತೂ ಅವರು ಹಾಗೆ ಗಾಬರಿಯಾಗಿ ಕೇಳಿದವರಲ್ಲ. ಕೆಲಸ ಮುಗಿಸಿ ಜನರನ್ನು ಹೀಗೆ ಹೆದರಿಸುವ ಸುಖ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.