ಹಸಿರು ಗಾಡಿಯ ಸ್ಟಿಯರಿಂಗ್

ಆ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವವರಿಗೆ ಒಂದು ಗತ್ತು, ಬಣ್ಣ ಹೊಡೆಯುವವರಿಗೆ ಇನ್ನೊಂದು ಗತ್ತು. ಆದರೆ ಸೂಜಿಯಮ್ಮನ ಗತ್ತಿನ ಮುಂದೆ ಅವೆಲ್ಲ ಯಾವ ಲೆಕ್ಕ! ಇಪ್ಪತ್ತಾರು ವರ್ಷದಿಂದ ಸ್ಟಿಯರಿಂಗಿಗೆ ಚರ್ಮ ಹೊಲಿಯುತ್ತಿರುವ ಹೆಂಗಸು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯ ದೊಡ್ಡವರವರೆಗೆ ಎಲ್ಲರ ಬಾಯಲ್ಲೂ ಸೂಜಿಯಮ್ಮ.

"ಜನ ಕಾರು ತಗೊಂಡ್ಮೇಲೆ ಎಂಜಿನ್ ಮುಟ್ತಾರಾ? ಬಾನೆಟ್ ಎತ್ತೋದು ಮೆಕ್ಯಾನಿಕ್ಕು. ಅವರು ದಿನಾ ಕೈಯಲ್ಲಿ ಹಿಡ್ಕೊಳ್ಳೋದು ನನ್ನ ಹೊಲಿಗೇನ" ಎನ್ನುವುದು ಅವಳ ವಾದ. ಈ ವಾದದಲ್ಲಿ ಅವಳನ್ನು ಗೆದ್ದವರು ಇನ್ನೂ ಹುಟ್ಟಿಲ್ಲ.

ಮೊದಲು ಅವಳು ಒಂದು ಇಕ್ಕಟ್ಟಿನ ಅಂಗಡಿಯಲ್ಲಿ ಶಾಲೆ ಮಕ್ಕಳ ಚೀಲ ಹೊಲಿಯುತ್ತಿದ್ದಳು, ಆಮೇಲೆ ಬೂಟು. ಕಾರ್ಖಾನೆಗೆ ಕೆಲಸ ಕೇಳಿಕೊಂಡು ಬಂದ ದಿನ ಅವಳ ಕೈಗೆ ಒಂದು ಚೂರು ಚರ್ಮ, ಒಂದು ಬಾಗಿದ ಸೂಜಿ ಕೊಟ್ಟು, ಅರ್ಧ ಗಂಟೆಯಲ್ಲಿ ಎಷ್ಟಾಗುತ್ತೋ ಅಷ್ಟು ಹೊಲಿ ಎಂದಿದ್ದರು. ಹತ್ತು ನಿಮಿಷಕ್ಕೆ ಮುಗಿಸಿ, ಇನ್ನೊಂದು ಚೂರು ಇದ್ದರೆ ಕೊಡಿ, ಸುಮ್ಮನೆ ಕೂರೋಕೆ ಬೇಜಾರು ಎಂದಳಂತೆ. ಅವಳ ಗಂಡ ಆಗ ಬಸ್ಸು ಓಡಿಸುತ್ತಿದ್ದ. "ನನ್ನ ಬಸ್ಸಿನ ಸ್ಟಿಯರಿಂಗಿಗೆ ಹಳೇ ಟ್ಯೂಬು ಸುತ್ತಿದೀವಿ. ಮೂವತ್ತು ವರ್ಷ ಆ ಬಸ್ಸು ಹಾದಿ ತಪ್ಪಿಲ್ಲ" ಎಂದು ಈಗಲೂ ಅವಳನ್ನು ಕೆಣಕುತ್ತಾನೆ. "ಅದಕ್ಕೇ ನಿಮ್ಮ ಅಂಗೈ ಮರಳು ಕಾಗದ ಆಗಿರೋದು" ಎಂದು ಅವಳೂ ಬಿಡುವುದಿಲ್ಲ.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಒಂದು ಸ್ಟಿಯರಿಂಗಿಗೆ ಒಂದೇ ದಾರ. ನಡುವೆ ಗಂಟು ಹಾಕುವಂತಿಲ್ಲ, ತುಂಡಾದರೆ ಜೋಡಿಸುವಂತಿಲ್ಲ, ಮೊದಲಿನಿಂದ ಶುರು. ಸುತ್ತು ಮುಗಿದಾಗ ಉಳಿಯುವ ದಾರದ ತುದಿಯನ್ನು ಹೇಗೆ ಅಡಗಿಸುತ್ತಾರೆ ಎನ್ನುವುದರ ಮೇಲೆ ಕೈಯ ಪಳಗಿಕೆ ತಿಳಿಯುತ್ತದೆ. ಸೂಜಿಯಮ್ಮ ಕೊನೆಯ ಹೊಲಿಗೆಯ ಹತ್ತಿರ ಸೂಜಿಯನ್ನು ನೇರ ಒಳಕ್ಕೆ, ಚರ್ಮದ ಕೆಳಗಿನ ಮೆತ್ತೆಯೊಳಕ್ಕೆ ಒಮ್ಮೆ ಚುಚ್ಚಿ, ಓರೆಯಾಗಿ ಹೊರಗೆ ಎಳೆದು, ದಾರವನ್ನು ಕತ್ತರಿಸಿಬಿಡುತ್ತಿದ್ದಳು. ತುದಿ ಒಳಗೇ ಹೂತುಹೋಗುತ್ತಿತ್ತು. ಎಲ್ಲಿ ಮುಗಿಯಿತು ಎಂದು ಭೂತಗನ್ನಡಿ ಹಿಡಿದರೂ ಸಿಗುತ್ತಿರಲಿಲ್ಲ. ಆ ಒಂದು ಚುಚ್ಚು ಅವಳದೇ ಪಟ್ಟು, ಬೇರೆ ಯಾರಿಗೂ ಅಷ್ಟು ನಯವಾಗಿ ಬರುತ್ತಿರಲಿಲ್ಲ.

ಅವಳ ಮಗ ಆಸ್ಪತ್ರೆಯಲ್ಲಿ ನರ್ಸು. ಅವನನ್ನು ಮದುವೆಯಾಗಿ ಬಂದ ಹುಡುಗಿ ಮೊದಲು ಅಂಗಿಗಳ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಅದು ಮುಚ್ಚಿಹೋದಾಗ ಇಲ್ಲಿಗೆ ಅರ್ಜಿ ಹಾಕಿದಳು. ಸೂಜಿಯಮ್ಮನಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ಮನೇಲೂ ಅದೇ ಮುಖ, ಇಲ್ಲೂ ಅದೇ ಮುಖ. ಒಬ್ಬರ ಮೇಲೊಬ್ಬರು ಚಾಡಿ ಹೇಳೋಕಾದ್ರೂ ಬೇರೆ ಜಾಗ ಬೇಡ್ವಾ?" ಎಂದಳು. ಆದರೂ ಹುಡುಗಿ ಪರೀಕ್ಷೆಯಲ್ಲಿ ಗೆದ್ದಳು, ಸೂಜಿಯಮ್ಮನ ಮೇಜಿನ ಎದುರಿನ ಕುರ್ಚಿಯೇ ಸಿಕ್ಕಿತು. ಆರು ತಿಂಗಳು ತಾತ್ಕಾಲಿಕ. ಕೈ ಚೆನ್ನಾಗಿದ್ದರೆ ಕಾಯಂ, ಒಂದು ದೊಡ್ಡ ತಪ್ಪಾದರೆ ಮನೆಗೆ.

ಆ ಆರು ತಿಂಗಳ ಕೊನೆಯ ವಾರಕ್ಕೆ ಸರಿಯಾಗಿ ಹೊಸ ಗಾಡಿಯ ಬಿಡುಗಡೆ ಬಂದು ಕೂತಿತು.

ಗಾಡಿ ಎಂದರೆ ಅಂತಿಂಥ ಗಾಡಿಯಲ್ಲ. ಐದು ವರ್ಷ ಗುಟ್ಟಾಗಿ ಕಟ್ಟಿದ ಎಸ್‌ಯುವಿ. ಎಂಟು ಸಿಲಿಂಡರ್, ಎರಡು ಟರ್ಬೊ, ಆರುನೂರ ಇಪ್ಪತ್ತು ಕುದುರೆಗಳ ಬಲ. ಎರಡೂವರೆ ಟನ್ ತೂಕದ ಆ ಬಂಡೆ ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ನಾಲ್ಕು ಸೆಕೆಂಡೂ ಬೇಡ. ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗಿನ ಬದಲು ಗಾಳಿ. ಕಲ್ಲು ದಾರಿಗೆ ಮೈ ಎತ್ತಿಕೊಳ್ಳುತ್ತದೆ, ನುಣ್ಣನೆ ರಸ್ತೆಯಲ್ಲಿ ತಗ್ಗುತ್ತದೆ. ತಿರುವಿನಲ್ಲಿ ಹಿಂದಿನ ಚಕ್ರಗಳೂ ಒಂದಿಷ್ಟು ತಿರುಗಿ ಸಹಾಯ ಮಾಡುತ್ತವೆ. ಇವೆಲ್ಲ ಸರಿ, ಸೂಜಿಯಮ್ಮನಿಗೆ ಬೇಕಾದದ್ದು ಒಂದೇ: ಅದರ ಸ್ಟಿಯರಿಂಗು. ಅದರ ಮೆತ್ತೆಯ ಮೇಲೆ, ಚರ್ಮದ ಅಡಿಯಲ್ಲಿ, ಕೂದಲೆಳೆಯಂಥ ತಂತಿಗಳ ಬಲೆ ಇತ್ತು. ಚಳಿಗೆ ಕೈ ಬೆಚ್ಚಗಿಡುವುದೂ ಅದೇ, ಓಡಿಸುವವನ ಕೈ ಸ್ಟಿಯರಿಂಗ್ ಮೇಲಿದೆಯೋ ಇಲ್ಲವೋ ಎಂದು ಗಾಡಿಗೆ ತಿಳಿಸುವುದೂ ಅದೇ. ಕೈ ತೆಗೆದರೆ ಗಾಡಿ ಎಚ್ಚರಿಸುತ್ತದೆ. ಕೇಳದಿದ್ದರೆ ತಾನೇ ನಿಧಾನ ಮಾಡಿಕೊಂಡು ನಿಲ್ಲುತ್ತದೆ.

ಬಲೆಯ ಬಗ್ಗೆ ತರಬೇತಿ ಕೊಡಲು ಒಬ್ಬ ಎಂಜಿನಿಯರ್ ಬಂದಿದ್ದ. "ಸೂಜಿ ಎಲ್ಲೂ ಒಳಕ್ಕೆ ಹೋಗಬಾರದು, ತುದಿಯನ್ನ ಚರ್ಮದ ಅಂಚಿನ ಅಡಿಗೆ ಅಡ್ಡಡ್ಡ ಸೇರಿಸಿ ಅಂಟು ಹಾಕಿ" ಎಂದಿದ್ದ. ಸೊಸೆ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಸೂಜಿಯಮ್ಮ ತಲೆಯಾಡಿಸಿದಳು, ಮನಸ್ಸಿನಲ್ಲಿ ಮಾತ್ರ, ಇವನು ಹಾಲು ಕುಡಿಯೋವಾಗಿನಿಂದ ನಾನು ಹೊಲೀತಿದೀನಿ ಎಂದುಕೊಂಡಳು. ಬಿಡುಗಡೆಗೆಂದೇ ಮೂರು ಗಾಡಿ ಸಿದ್ಧವಾದವು: ಕಪ್ಪು, ಬಿಳಿ, ಹಸಿರು. ಮೂರರ ಸ್ಟಿಯರಿಂಗನ್ನೂ ಅತ್ತೆ ಸೊಸೆ ಸೇರಿ ಹೊಲಿದರು. ಅತ್ತೆ ಎರಡು, ಸೊಸೆ ಒಂದು. ಯಾವುದು ಯಾವ ಗಾಡಿಗೆ ಹೋಯಿತೆಂದು ಇಬ್ಬರೂ ನೋಡಲಿಲ್ಲ, ಹೊಲಿದವರ ಹೆಸರಿನ ಚೀಟಿಗಳೂ ಜೋಡಿಸುವಾಗ ಹರಿದುಹೋಗಿದ್ದವು.

ಬಿಡುಗಡೆಯ ದಿನ ಬಂತು. ಕಾರ್ಯಕ್ರಮ ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ಒಂಬತ್ತಕ್ಕೆ ಸೂಪರ್‌ವೈಸರ್ ಹೊಲಿಗೆ ವಿಭಾಗಕ್ಕೆ ಓಡಿಬಂದ. ಅವನ ಹಿಂದೆಯೇ ಎಲೆಕ್ಟ್ರಿಷಿಯನ್, ಕೈಯಲ್ಲಿ ಬಿಚ್ಚಿ ತಂದ ಸ್ಟಿಯರಿಂಗು.

"ಹಸಿರು ಗಾಡೀದು ಕೆಟ್ಟಿದೆ" ಎಂದ ಸೂಪರ್‌ವೈಸರ್. "ನಿನ್ನೆ ಪರೀಕ್ಷೇಲಿ ಸರಿಯಾಗಿತ್ತು. ಇವತ್ತು ಒಂದು ಗಂಟೆ ಬಿಸಿ ಮಾಡಿ ನೋಡಿದ್ರೆ ಬಲೆ ಸತ್ತುಹೋಗಿದೆ. ಎರಡೂ ಕೈಯಲ್ಲಿ ಹಿಡ್ಕೊಂಡಿದ್ರೂ 'ಕೈ ಇಡಿ, ಕೈ ಇಡಿ' ಅಂತ ಕೂಗುತ್ತೆ. ವೇದಿಕೆ ಮೇಲೆ ಓಡಿಸಿ ತೋರ್ಸೋದು ಅದೇ ಗಾಡೀನ. ನಡು ವೇದಿಕೇಲಿ ತಾನೇ ನಿಂತ್ಕೊಂಡ್ರೆ ನಮ್ಮ ಮಾನ ಮೂರುಕಾಸಿಗೆ ಹೋಗುತ್ತೆ."

"ಸೂಜಿ ತಗುಲಿ ಎಳೆ ಅರ್ಧ ಹರಿದಿರುತ್ತೆ, ಬಿಸಿಗೆ ಪೂರ್ತಿ ಹೋಗಿದೆ. ಬೇರೆ ಕಾರಣ ಇಲ್ಲ" ಎಂದ ಎಲೆಕ್ಟ್ರಿಷಿಯನ್.

ಸೂಪರ್‌ವೈಸರ್ ಸೊಸೆಯ ಕಡೆ ತಿರುಗಿದ. ಯಾರ ಕಡೆ ತಿರುಗುತ್ತಾನೆ ಮತ್ತೆ? ಒಬ್ಬಳದು ಇಪ್ಪತ್ತಾರು ವರ್ಷ, ಇನ್ನೊಬ್ಬಳದು ಆರು ತಿಂಗಳು. "ಹೊಸಬರ ಕೈಗೆ ಈ ಕೆಲಸ ಕೊಡಬೇಡಿ ಅಂತ ನಾನು ಮೊದಲೇ ಹೇಳಿದ್ದೆ" ಎಂದ.

ಸೂಜಿಯಮ್ಮನಿಗೂ ಹಾಗೇ ಅನ್ನಿಸಿತ್ತು, ಸುಳ್ಳೇಕೆ ಹೇಳಬೇಕು! ಹುಡುಗಿ ಗಡಿಬಿಡಿ ಮಾಡಿಕೊಂಡಿರಬೇಕು, ಮನೆಗೆ ಹೋಗಿ ಚೆನ್ನಾಗಿ ಬೈಯಬೇಕು ಎಂದುಕೊಂಡೇ ಸ್ಟಿಯರಿಂಗನ್ನು ಕೈಗೆ ತೆಗೆದುಕೊಂಡಳು. ಹೊಲಿಗೆಯ ಗುಂಟ ಹೆಬ್ಬೆರಳು ಓಡಿಸಿದಳು. ಕೆಳಭಾಗಕ್ಕೆ ಬಂದಾಗ ಬೆರಳು ನಿಂತಿತು.

ತುದಿ ಸಿಗಲಿಲ್ಲ. ಅಂಟಿನ ಉಬ್ಬೂ ಇಲ್ಲ. ದಾರ ನೇರ ಒಳಗೆ ಇಳಿದಿತ್ತು, ಅಷ್ಟು ನಯವಾಗಿ, ಅಷ್ಟು ಚೆಂದವಾಗಿ, ಲೋಕದಲ್ಲಿ ಒಂದೇ ಕೈ ಇಳಿಸಬಲ್ಲ ಹಾಗೆ. ಎಂಜಿನಿಯರ್ ಹೇಳಿದ್ದು ನೆನಪಿತ್ತು, ಹಾಗೇ ಮಾಡಿದೆ ಎಂದೂ ಅವಳು ನಂಬಿದ್ದಳು. ಒಂದರಲ್ಲಿ ಮಾಡಿದ್ದಳು ಕೂಡ. ಇನ್ನೊಂದರಲ್ಲಿ ಯಾವುದೋ ಮಾತಿನ ಭರದಲ್ಲಿ ಕೈ ತನ್ನ ಪಾಡಿಗೆ ತನ್ನ ಹಳೆಯ ಕೆಲಸ ಮುಗಿಸಿಬಿಟ್ಟಿತ್ತು.

ತಲೆಯೆತ್ತಿದಳು. ಸೊಸೆ ಆ ಬೆರಳನ್ನೇ ನೋಡುತ್ತಿದ್ದಳು. ಆರು ತಿಂಗಳು ಎದುರು ಕೂತು ಆ ಕೈ ನೋಡಿದವಳು, ಅವಳಿಗೆ ತಿಳಿಯದೇ ಇರುತ್ತದೆಯೇ?

"ನಂದೇ ಇರ್ಬೇಕು ಸರ್" ಎಂದಳು ಸೊಸೆ. ಧ್ವನಿ ಸಣ್ಣಗಿತ್ತು, ನಡುಗಲಿಲ್ಲ. "ಕೊನೇಲಿ ಅವಸರ ಆಯ್ತು."

ಅಲ್ಲಿಗೆ ಮುಗಿಯಬಹುದಿತ್ತು. ಸೂಪರ್‌ವೈಸರನಿಗೂ ಅದೇ ಬೇಕಾಗಿತ್ತು, ಎಲೆಕ್ಟ್ರಿಷಿಯನ್ನನಿಗೆ ಯಾರದಾದರೇನು. ಸೂಜಿಯಮ್ಮ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರೆ ಅವಳ ಇಪ್ಪತ್ತಾರು ವರ್ಷದ ಹೆಸರಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. ಹುಡುಗಿ ಮಾತ್ರ ಮನೆಗೆ ಹೋಗುತ್ತಿದ್ದಳು, ಮನೆಯಲ್ಲಿ ಅತ್ತೆಯ ಎದುರು ಒಂದು ಮಾತೂ ಎತ್ತದೆ ಅಡುಗೆಗೆ ನಿಲ್ಲುತ್ತಿದ್ದಳು. ಆ ಚಿತ್ರ ಕಣ್ಣ ಮುಂದೆ ಬಂದದ್ದೇ ಸೂಜಿಯಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ತನ್ನ ಮೇಲೆ ಬಂದ ಸಿಟ್ಟು, ಹೊರಬಿದ್ದದ್ದು ಸೊಸೆಯ ಮೇಲೆ.

"ಸುಮ್ನಿರೇ. ದೊಡ್ಡ ತ್ಯಾಗಮೂರ್ತಿ ಬಂದ್ಲು" ಎಂದಳು. "ಈ ತರ ಹೊಲಿಯೋಕೆ ನಿಂಗೆ ಇನ್ನೂ ಹತ್ತು ವರ್ಷ ಬೇಕು. ಸರ್, ಇದು ನನ್ನ ಕೈ. ತಪ್ಪು ನಂದು. ಬಿಚ್ಚಿ ನೋಡಿ, ಸೂಜಿ ನೇರ ಕೆಳಗೆ ಹೋಗಿರುತ್ತೆ. ಇವಳಿಗೆ ಹಾಗೆ ಚುಚ್ಚೋಕೆ ಬರೋದೇ ಇಲ್ಲ."

ಸೂಪರ್‌ವೈಸರ್ ತಬ್ಬಿಬ್ಬಾದ. ಎಲೆಕ್ಟ್ರಿಷಿಯನ್ ಚರ್ಮ ಬಿಚ್ಚಿದ. ಬಲೆಯ ಒಂದು ಎಳೆ, ಅವಳು ಹೇಳಿದ ಜಾಗದಲ್ಲೇ, ಕಡಿದಿತ್ತು.

"ಆಯ್ತು, ಆಗಿದ್ದು ಆಗಿಹೋಯ್ತು" ಎಂದ ಸೂಪರ್‌ವೈಸರ್ ಕೊನೆಗೆ. "ಹೊಸ ಸ್ಟಿಯರಿಂಗ್ ಕೊಡ್ತೀವಿ, ಚರ್ಮಾನೂ ಇದೆ. ಎರಡು ಗಂಟೆಗೆ ನಮ್ಮ ಕೈಗೆ ಬರಬೇಕು. ಸೂಜಿಯಮ್ಮ, ಕೂತ್ಕೊಳ್ಳಿ."

"ನಾನು ಕೂರಲ್ಲ ಸರ್."

"ಅಂದ್ರೆ?"

"ನನ್ನ ಕೈನ ನಾನೇ ನಂಬೋ ಹಾಗಿಲ್ಲ ಇವತ್ತು. ತಲೆ ಬೇಡ ಅಂದ್ರೂ ಅದು ಚುಚ್ಚುತ್ತೆ. ಇವಳು ಹೊಲೀಲಿ."

"ಈ ಹುಡುಗೀನಾ? ನಾಲ್ಕೂವರೆ ಗಂಟೆ ಟೈಮಿದೆ ಅಷ್ಟೇ. ಉಳಿದೆರಡು ಗಾಡೀನೂ ಜನ ಹತ್ತಿ ನೋಡ್ತಾರೆ, ಅವನ್ನ ಬಿಚ್ಚೋ ಹಾಗಿಲ್ಲ. ತಪ್ಪಿದ್ರೆ ಇನ್ನೊಂದು ಸ್ಟಿಯರಿಂಗ್ ಇಲ್ಲ."

"ಗೊತ್ತು. ಅದಕ್ಕೇ ಹೇಳ್ತಿರೋದು, ಇವಳೇ ಹೊಲೀಲಿ. ತಪ್ಪಿದ್ರೆ ಇಬ್ಬರನ್ನೂ ಕಳ್ಸಿ, ಒಂದೇ ಬಸ್ಸಲ್ಲಿ ಹೋಗ್ತೀವಿ."

ಸೊಸೆ ಕೂತಳು. ಸೂಜಿಯಮ್ಮ ಅವಳಿಗೆ ದಾರ ಅಳೆದು ಕೊಟ್ಟಳು, ಮೇಣ ಸವರಿ ಕೊಟ್ಟಳು, ದೀಪವನ್ನು ಬಗ್ಗಿಸಿದಳು, ಆಮೇಲೆ ಸ್ಟೂಲು ಎಳೆದುಕೊಂಡು ತನ್ನ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು, ಎಲ್ಲಿ ತಾನೇ ಹೋಗಿ ಸೂಜಿ ಕಿತ್ತುಕೊಂಡುಬಿಡುತ್ತೇನೋ ಎಂಬ ಭಯಕ್ಕೆ. ಇನ್ನೂರ ನಲವತ್ತು ಹೊಲಿಗೆ. ಎಡಕ್ಕೊಂದು ಎಳೆತ, ಬಲಕ್ಕೊಂದು ಎಳೆತ, ಎರಡೂ ಒಂದೇ ಬಿಗಿ. ಅರ್ಧ ದಾರಿಯಲ್ಲಿ ಸೊಸೆಯ ಹಣೆಯಿಂದ ಬೆವರು ಇಳಿಯಿತು. ಅತ್ತೆ ಎದ್ದು ಸೆರಗಿನಿಂದ ಒರೆಸಿ ಮತ್ತೆ ಕೈಯ ಮೇಲೆ ಕೂತಳು. ಊಟದ ಗಂಟೆ ಹೊಡೆಯಿತು, ಇಬ್ಬರೂ ಏಳಲಿಲ್ಲ. ಕೊನೆಯ ಹೊಲಿಗೆ ಬಂದಾಗ ಸೊಸೆ ಸೂಜಿಯನ್ನು ಅಡ್ಡಡ್ಡ ಮಲಗಿಸಿ, ಚರ್ಮದ ಅಂಚನ್ನು ಉಗುರಿನಲ್ಲಿ ಎತ್ತಿ, ದಾರವನ್ನು ಮಗುವನ್ನು ಮಲಗಿಸುವ ಹಾಗೆ ಒಳಗೆ ಜಾರಿಸಿದಳು. ಒಂದು ತೊಟ್ಟು ಅಂಟು. ಅಷ್ಟೆ.

ಸೂಜಿಯಮ್ಮ ಹೆಬ್ಬೆರಳು ಓಡಿಸಿ ನೋಡಿದಳು. ತುದಿ ಸಿಗಲಿಲ್ಲ. ಸೂಜಿ ಒಳಕ್ಕೆ ಹೋಗದೆಯೂ ತುದಿ ಸಿಗಲಿಲ್ಲ. ಇದು ಸಾಧ್ಯ ಎಂದು ಯಾರಾದರೂ ಹೇಳಿದ್ದರೆ ಆರು ತಿಂಗಳ ಹಿಂದೆ ಅವಳು ನಕ್ಕುಬಿಡುತ್ತಿದ್ದಳು. ಗಡಿಯಾರ ಒಂದು ಮುಕ್ಕಾಲು ತೋರಿಸುತ್ತಿತ್ತು.

ನಾಲ್ಕಕ್ಕೆ ದೊಡ್ಡ ಶೆಡ್ಡಿನಲ್ಲಿ ಕಾರ್ಯಕ್ರಮ. ಕೆಲಸಗಾರರೆಲ್ಲ ಹಿಂದಿನ ಸಾಲಿನಲ್ಲಿ ನಿಂತಿದ್ದರು. ನಿರೂಪಕ ಟರ್ಬೊ ಎಂದ, ಕುದುರೆಬಲ ಎಂದ, ಗಾಳಿಯ ಸಸ್ಪೆನ್ಷನ್ ಎಂದ. ಪ್ರತಿ ಮಾತಿಗೂ ಒಂದೊಂದು ವಿಭಾಗದವರು ಎದೆ ಉಬ್ಬಿಸಿದರು. ಹಸಿರು ಗಾಡಿ ಹುಲಿಯಂತೆ ಗುರುಗುಟ್ಟುತ್ತಾ ವೇದಿಕೆಗೆ ಏರಿತು. ಓಡಿಸುವವನು ಎರಡೂ ಕೈ ಮೇಲೆತ್ತಿ ಜನಕ್ಕೆ ತೋರಿಸಿದ. ಗಾಡಿ ಎಚ್ಚರಿಸಿತು, ವೇಗ ಇಳಿಸಿತು. ಅವನು ಒಂದೇ ಒಂದು ಬೆರಳನ್ನು ಸ್ಟಿಯರಿಂಗಿಗೆ ತಾಗಿಸಿದ. ತಟ್ಟನೆ ಎಚ್ಚರಿಕೆ ನಿಂತು ಗಾಡಿ ಮುಂದೆ ಸಾಗಿತು. ಇಡೀ ಶೆಡ್ಡು ಚಪ್ಪಾಳೆ ಹೊಡೆಯಿತು. ಸೂಜಿಯಮ್ಮ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ, ಸೊಸೆಯ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಆಮೇಲೆ ಪತ್ರಿಕೆಯವರು ಗಾಡಿಗೆ ಮುತ್ತಿಕೊಂಡರು. ಒಬ್ಬ ವರದಿಗಾರ್ತಿ ಒಳಗೆ ಕೂತು ಸ್ಟಿಯರಿಂಗ್ ಸವರಿ, ಇದನ್ನು ಯಂತ್ರ ಹೊಲಿಯಿತೇ ಎಂದು ಕೇಳಿದಳು. ಸೂಪರ್‌ವೈಸರ್ ಹಿಂದಿನ ಸಾಲಿನತ್ತ ಕೈ ಮಾಡಿದ. ಅವಳು ನೇರ ಸೂಜಿಯಮ್ಮನ ಬಳಿ ಬಂದಳು. ನರೆತ ತಲೆ ನೋಡಿದರೆ ಯಾರಾದರೂ ಹಾಗೇ ಮಾಡುತ್ತಿದ್ದರು.

"ನೀವೇ ಹೊಲಿದದ್ದಾ ಅಮ್ಮ?"

"ಅಲ್ಲಮ್ಮ. ನಾನು ಹೊಲಿದದ್ದು ಕೆಟ್ಟುಹೋಯ್ತು" ಎಂದಳು ಸೂಜಿಯಮ್ಮ, ಇಡೀ ಶೆಡ್ಡಿಗೆ ಕೇಳುವಂತೆ. "ಇದು ನನ್ನ ಸೊಸೇದು. ಅವಳನ್ನ ಕೇಳಿ, ಹೇಳ್ತಾಳೆ."

ಸೊಸೆ ಕಾಯಂ ಆದಳು. ಮುಂದಿನ ಸೋಮವಾರ ಬೆಳಿಗ್ಗೆ ಸೂಜಿಯಮ್ಮ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ಸೊಸೆಯ ಪಕ್ಕಕ್ಕೆ ಹಾಕಿಕೊಂಡಳು, ಹಳೆಯ ಸ್ಟಿಯರಿಂಗೊಂದನ್ನು ಮುಂದಿಟ್ಟುಕೊಂಡು ಕೊನೆಯ ಹೊಲಿಗೆ ತೋರಿಸು ಎಂದಳು. ಸೊಸೆ ತೋರಿಸಿದಳು. ಸೂಜಿಯಮ್ಮ ಮಾಡಿದಳು. ವಿಭಾಗದವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಸೊಸೆ ಹೆಬ್ಬೆರಳು ಓಡಿಸಿ, ಅತ್ತೆಯ ಮುಖ ನೋಡಿ, ಹೇಳಲೋ ಬೇಡವೋ ಎಂದು ತುಟಿ ಕಚ್ಚಿಕೊಂಡಳು.

"ಹೇಳೇ, ಏನದು?"

"ಮತ್ತೆ ಒಳಗೆ ಹೋಗಿದೆ ಅತ್ತೆ. ಬಿಚ್ಚಿ."

ಇಪ್ಪತ್ತಾರು ವರ್ಷದಲ್ಲಿ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಸೂಜಿಯಮ್ಮ ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದಳು.

"ಕೇಳ್ತಾ?" ಎಂದಳು, ಮುಖವೆಲ್ಲ ಅರಳಿಸಿಕೊಂಡು. "ನನ್ನ ಸೊಸೆ ಬಿಚ್ಚು ಅಂತಿದಾಳೆ." ಕತ್ತರಿ ತೆಗೆದುಕೊಂಡು ಬಿಚ್ಚತೊಡಗಿದಳು.